ಬರಿಗಾಲ ಮೇಸ್ತ್ರಿ

ಪರರ ಮನೆಯ ಹೊಸ್ತಿಲಲ್ಲಿ ಪಾದರಕ್ಷೆ ಕಳಚುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಕೊರೆಯುವ ಚಳಿಯಲ್ಲಿ ಉಣ್ಣೆಯ ಕಾಲುಚೀಲವನ್ನೂ ಕಳಚಿ, ಅದನ್ನು ಒಪ್ಪವಾಗಿ ಮಡಚಿ ಕೋಟಿನ ಜೇಬಿಗಿಳಿಸಿ, ಮಂಜುಗಡ್ಡೆಯಂಥ ನೆಲದ ಮೇಲೆ ಬರಿಗಾಲಲ್ಲಿ ಗಟ್ಟಿಯಾಗಿ ನಿಂತು, ಆಮೇಲಷ್ಟೇ ‘ನಮಸ್ಕಾರ’ ಎನ್ನುವ ಮನುಷ್ಯನನ್ನು ನನ್ನ ಜೀವಮಾನದಲ್ಲಿ ನಾನು ಕಂಡದ್ದು ಒಬ್ಬರನ್ನೇ. ಹಳೆಯ ಮನೆಗಳನ್ನು ಬೆಚ್ಚಗಿಡುವ ಹೀಟ್ ಪಂಪ್ ಯಂತ್ರ ಕೂರಿಸುವುದು ಅವರ ಕಸುಬು. ವಯಸ್ಸು ಅರವತ್ತರ ಆಸುಪಾಸು, ಒಣಕಲು ಮೈಕಟ್ಟು. ಈ ವಿಚಿತ್ರ ಪದ್ಧತಿಗೆ ಕಾರಣ ಕೇಳಿದರೆ, “ಥರ್ಮಾಮೀಟರು ಇರೋದು ಗೋಡೆ ಮೇಲೆ. ಜನ ಓಡಾಡೋದು ನೆಲದ ಮೇಲೆ. ಅಲ್ವಾ ಮತ್ತೆ?” ಎಂದರು. ಆ ‘ಅಲ್ವಾ ಮತ್ತೆ’ ಅವರ ಪ್ರತಿ ಮಾತಿನ ಬಾಲ. ಎದುರಿಗೆ ಯಾರೂ ಇಲ್ಲದಿದ್ದರೂ ಗೋಡೆಗಾದರೂ ಅದನ್ನು ಹೇಳಿಯೇ ಹೇಳುವರು. ನನ್ನ ಅಕ್ಕ ಮೊದಲ ದಿನವೇ ಅವರಿಗೆ ಬರಿಗಾಲ ಮೇಸ್ತ್ರಿ ಎಂದು ಹೆಸರಿಟ್ಟುಬಿಟ್ಟಳು.

ಅಕ್ಕ ಪುಸ್ತಕಗಳಿಗೆ ರಟ್ಟು ಕಟ್ಟುವವಳು. ನೂರು ವರ್ಷ ದಾಟಿದ ಆ ಮನೆಯ ಉತ್ತರದ ಕೋಣೆಯೇ ಅವಳ ಕಾರ್ಯಾಗಾರ. ಬೆಳಕು ಅಲ್ಲಿ ಸಮನಾಗಿ ಬೀಳುತ್ತದೆಂದು ಮೂವತ್ತು ವರ್ಷಗಳ ಹಿಂದೆ ಆರಿಸಿಕೊಂಡದ್ದು. ಆದರೆ ಉತ್ತರದ ಬೆಳಕಿನ ಬೆನ್ನಿಗೇ ಉತ್ತರದ ಚಳಿಯೂ ಬರುತ್ತದಲ್ಲ! ಹಿಂದಿನ ವರ್ಷ, ಮನೆಗೆ ಬಿಸಿ ಕೊಡುತ್ತಿದ್ದ ಮುದಿ ಬಾಯ್ಲರು ಕೈಕೊಟ್ಟು, ಬೆರಳು ಮರಗಟ್ಟಿ, ಅಂಟು ಹಿಡಿಯದೆ, ಒಂದು ಗ್ರಂಥಾಲಯಕ್ಕೆ ಕಟ್ಟಿಕೊಟ್ಟ ನಲವತ್ತು ಪುಸ್ತಕಗಳು ಬೆನ್ನು ಬಿಟ್ಟುಕೊಂಡು ವಾಪಸು ಬಂದವು. “ಇನ್ನೊಂದು ಚಳಿಗಾಲ ಹೀಗೇ ಆದ್ರೆ ಇದನ್ನೆಲ್ಲ ಯಾರಿಗಾದ್ರೂ ಕೊಟ್ಟು ಕೈ ತೊಳ್ಕೊಳ್ತೀನಿ ಕಣೋ” ಎಂದಳು ಅಕ್ಕ. ಅವಳು ಸುಮ್ಮಸುಮ್ಮನೆ ಇಂಥ ಮಾತಾಡುವವಳಲ್ಲ. ಮರುದಿನದಿಂದಲೇ ನಾನು ಹೀಟ್ ಪಂಪಿನವರನ್ನು ಕರೆಸತೊಡಗಿದೆ.

ಮೇಸ್ತ್ರಿಗಿಂತ ಮುಂಚೆ ಬಂದಿದ್ದ ಇಬ್ಬರು ಗೇಟಿನ ಬಳಿಯೇ ನಿಂತು ಸೂರಿನತ್ತ ಕಣ್ಣು ಹಾಯಿಸಿ, ‘ಹಳೇ ಮನೆ, ದೊಡ್ಡ ಯಂತ್ರವೇ ಬೇಕು’ ಎಂದು ಹೇಳಿ ಹೋಗಿದ್ದರು. ಈ ಮಹಾಶಯರೋ ಎರಡು ದಿನ ಬರೀ ನಡೆದರು. ಆ ನಡಿಗೆಯಾದರೂ ಎಂಥದ್ದು! ಕೋಣೆಯ ನಡುವೆ ಹೆಜ್ಜೆಯಿಟ್ಟವರೇ ಅಲ್ಲ. ಗೋಡೆಯ ಮಗ್ಗುಲಲ್ಲೇ, ಏಡಿಯಂತೆ ಅಡ್ಡಡ್ಡಲಾಗಿ, ಕಂದು ಕೋಟಿನ ಎಡತೋಳನ್ನು ಮೊಣಕೈವರೆಗೆ ಮಡಚಿಕೊಂಡು, ಮಣಿಕಟ್ಟನ್ನು ಕಿಟಕಿಯ ಚೌಕಟ್ಟಿಗೂ ನೆಲಹಲಗೆಯ ಸಂದಿಗೂ ಹಿಡಿದು ಗಾಳಿ ನುಸುಳುವ ಜಾಗ ಹುಡುಕುತ್ತ ಇಡೀ ಮನೆಯನ್ನು ಸುತ್ತಿದರು. ಅಕ್ಕ ಹಳೆಯ ಹಾಳೆಗಳಿಗೆ ತೇಪೆ ಹಾಕುವ, ಉಸಿರಿಗೂ ನಡುಗುವ ಕಾಗದದ ಚೂರೊಂದನ್ನು ಕೊಟ್ಟದ್ದೇ ತಡ, ಅವರ ಮುಖ ಅರಳಿತು. ಅದು ನಡುಗಿದ ಕಡೆಯಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕುತ್ತ ಹೋದರು. ಸಂಜೆಯ ಹೊತ್ತಿಗೆ ಮನೆಗೆ ಸಿಡುಬು ಎದ್ದಂತಿತ್ತು.

“ಅಕ್ಕಾವ್ರೇ,” ಎಂದರು ಮೇಸ್ತ್ರಿ, ತಮಗಿಂತ ಹತ್ತು ವರ್ಷ ಚಿಕ್ಕವಳಾದ ಅಕ್ಕನಿಗೆ, “ಈ ಯಂತ್ರ ಬೆಂಕಿ ಹಚ್ಚಲ್ಲ. ಹೊರಗಿನ ಗಾಳೀಲಿ ಇರೋ ಚೂರುಪಾರು ಬಿಸೀನ ಹೆಕ್ಕಿ ತಂದು ಒಳಗೆ ಹಾಕುತ್ತೆ. ನಿಮ್ಮ ಮನೆ ಜರಡಿ ಆಗಿದ್ರೆ ಎಷ್ಟು ತಂದು ಸುರಿದ್ರೆ ಏನು ಬಂತು? ಮೊದಲು ತೂತು ಮುಚ್ಚೋಣ. ಯಂತ್ರ ಚಿಕ್ಕದೇ ಸಾಕು, ಅಲ್ವಾ ಮತ್ತೆ?”

ಯಂತ್ರ ಮಾರಲು ಬಂದವರು ಚಿಕ್ಕದೇ ಸಾಕೆನ್ನುವುದು ನನಗೆ ಹೊಸದು. ಆದ್ದರಿಂದ ಅನುಮಾನವೂ ಬಂತು. ಆಮೇಲೆ ವಿಚಾರಿಸಿದಾಗ ತಿಳಿದದ್ದು: ಪಕ್ಕದ ಮನೆಯವರದಕ್ಕಿಂತ ದೊಡ್ಡ ಯಂತ್ರವೇ ತಮಗೆ ಬೇಕೆಂದು ಹಟ ಹಿಡಿದ ನಿವೃತ್ತ ಹೆಡ್‌ಮಾಸ್ತರರೊಬ್ಬರಿಗೆ, “ಪಕ್ಕದ ಮನೆಯವರ ಚಪ್ಪಲಿ ನೋಡಿ ನಿಮ್ಮ ಚಪ್ಪಲಿ ತಗೋತೀರಾ ಸಾರ್?” ಎಂದು ಕೇಳಿ, ಮೇಸ್ತ್ರಿ ಸಾಮಾನು ಕಟ್ಟಿಕೊಂಡು ಹೊರಟೇಬಿಟ್ಟಿದ್ದರಂತೆ. ಮೂರನೆಯ ದಿನ ಹೆಡ್‌ಮಾಸ್ತರರೇ ಅವರ ಮನೆ ಹುಡುಕಿಕೊಂಡು ಹೋದರಂತೆ.

ಸಂದಿಗಳೆಲ್ಲ ಮುಚ್ಚಿದವು, ಅಟ್ಟದ ಮೇಲೆ ದಪ್ಪ ಹೊದಿಕೆ ಬಿತ್ತು, ಹಿತ್ತಲಿನ ಕಾಂಕ್ರೀಟು ಕಟ್ಟೆಯ ಮೇಲೆ ಯಂತ್ರ ಕುಳಿತು ಮೆಲ್ಲಗೆ ಗುಂಯ್‌ಗುಡತೊಡಗಿತು. ಕೋಣೆಗಳಲ್ಲಿ ಬಿಸಿನೀರು ಹರಿಯುವ ಹಳೆಯ ರೇಡಿಯೇಟರುಗಳ ಜಾಗಕ್ಕೆ ಅಗಲವಾದವು ಬಂದವು. ಅಕ್ಕ ಮುಟ್ಟಿ ನೋಡಿ, “ಇದೇನ್ ಮೇಸ್ತ್ರಿಗಳೇ, ಉಗುರುಬೆಚ್ಚಗಿದೆ ಅಷ್ಟೆ!” ಎಂದಳು. “ಸುಡೋದು ಬೇಡ, ದಿನವಿಡೀ ಹೀಗೇ ಇರಲಿ. ಅಲ್ವಾ ಮತ್ತೆ?” ಎಂದು ಅವರು ಕಾಲುಚೀಲ ಹಾಕಿಕೊಂಡು ಹೊರಟರು.

ಡಿಸೆಂಬರಿನ ಮೊದಲ ಕಡು ಚಳಿ ಬಂತು. ಇಡೀ ಮನೆ ಬೆಚ್ಚಗಿತ್ತು, ಉತ್ತರದ ಕೋಣೆಯೊಂದನ್ನು ಬಿಟ್ಟು. ಅಲ್ಲಿ ಅಕ್ಕನ ಅಂಟು ಮತ್ತೆ ಹಿಡಿಯಲಿಲ್ಲ. ಅವಳು ಕುಂಚ ತೊಳೆದು, ಉಪಕರಣಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ಹಾಕತೊಡಗಿದಳು. ನಾನು ಕೆಂಡಾಮಂಡಲವಾಗಿ ಫೋನು ಮಾಡಿದೆ, ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅತ್ತ ಕಡೆಯಿಂದ ಬಂದದ್ದು ಒಂದೇ ಮಾತು: “ಬಂದೆ.”

ಬಂದರು, ಕಾಲುಚೀಲ ಕಳಚಿ ನಿಂತರು, ಕೋಣೆಯ ಮೂರು ಗೋಡೆಗಳ ಪಕ್ಕ ನಡೆದು, ನಾಲ್ಕನೆಯದರ ಮುಂದಿದ್ದ ಭಾರಿ ಕಪಾಟಿನೆದುರು ತಲೆ ತಗ್ಗಿಸಿದರು. ಮೇಸ್ತ್ರಿ ಮೊದಲು ಮನೆ ಸುತ್ತಿದಾಗ ಆ ಕಪಾಟಿನಲ್ಲಿ ಒಣಗಲು ಜೋಡಿಸಿದ್ದ ಪುಸ್ತಕಗಳಿದ್ದವೆಂದು ಅಕ್ಕ, “ಇದೊಂದನ್ನ ಅಲುಗಿಸಬೇಡಿ” ಎಂದಿದ್ದಳು. ಮೇಸ್ತ್ರಿ ಅಲುಗಿಸಿರಲಿಲ್ಲ. ಈಗ ಮೂವರೂ ಸೇರಿ ಸರಿಸಿದೆವು. ಹಿಂದೆ, ಯಾವ ಕಾಲದಲ್ಲೋ ಹಲಗೆ ಬಡಿದು ಬಣ್ಣ ಬಳಿದಿದ್ದ ಹಳೆಯ ಅಗ್ಗಿಷ್ಟಿಕೆಯೊಂದಿತ್ತು. ಆ ತೆಳು ಕಾಗದವನ್ನು ಹಲಗೆಯ ಅಂಚಿಗೆ ಹಿಡಿದದ್ದೇ, ಅದು ಅವರ ಕೈಯಿಂದ ಕಿತ್ತುಕೊಂಡು ಸಂದಿಯೊಳಗೆ ಮಾಯವಾಯಿತು. ಕೋಣೆಯ ಬಿಸಿಯೆಲ್ಲ ಆ ಹೊಗೆಗೂಡಿನ ದಾರಿ ಹಿಡಿದಿತ್ತು.

ಯಂತ್ರವನ್ನು ದೂರಬಹುದಿತ್ತು, ಮನೆಯನ್ನು ದೂರಬಹುದಿತ್ತು, ನ್ಯಾಯವಾಗಿ ಅಕ್ಕನನ್ನೇ ದೂರಬಹುದಿತ್ತು. ಮೇಸ್ತ್ರಿ ಅವಳೆದುರು ನಿಂತು, “ತಪ್ಪು ನನ್ನದು ಅಕ್ಕಾವ್ರೇ. ಆವತ್ತು ನಿಮ್ಮ ಮಾತು ಮೀರೋಕೆ ಸಂಕೋಚ ಪಟ್ಕೊಂಡೆ. ಸಂಕೋಚ ಪಟ್ಟು ನಿಮಗೇ ಅನ್ಯಾಯ ಮಾಡಿದೆ” ಎಂದರು. ಫೋನಿನಲ್ಲಿ ಅಂದ ಆ ‘ಬಂದೆ’ ಬಿಟ್ಟರೆ, ಅವರ ಬಾಯಿಂದ ‘ಅಲ್ವಾ ಮತ್ತೆ’ ಬಾರದೆ ಮುಗಿದ ಮಾತು ನಾನು ಕೇಳಿದ್ದು ಅದೊಂದೇ. ನನ್ನ ಫೋನಿನ ಮಾತುಗಳು ನೆನಪಾಗಿ ನಾಚಿಕೆಯಿಂದ ಕುಗ್ಗಿಹೋದೆ. ಎರಡು ದಿನದಲ್ಲಿ ಹೊಗೆಗೂಡು ಮುಚ್ಚಿತು. ಅಕ್ಕನ ಪೆಟ್ಟಿಗೆ ಮಾತ್ರ ಮುಚ್ಚಿಯೇ ಇತ್ತು. ನಂಬಿಕೆ ಬರಲಿಲ್ಲ ಅವಳಿಗೆ.

ಜನವರಿಯ ಅತಿ ಚಳಿಯ ದಿನ, ಯಾರೂ ಕರೆಯದೆಯೇ ಮೇಸ್ತ್ರಿ ಬಂದರು. ಬಾಗಿಲು ತೆರೆದವನು ನಾನು. ಉತ್ತರದ ಕೋಣೆಯಲ್ಲಿ ಅಕ್ಕ ಮೇಜಿನ ಮೇಲೆ ಬಾಗಿದ್ದಳು; ಉಪಕರಣಗಳ ಪೆಟ್ಟಿಗೆ ಕೊನೆಗೂ ತೆರೆದಿತ್ತು, ಶಾಲು ಕುರ್ಚಿಯ ಬೆನ್ನಿನ ಮೇಲಿತ್ತು, ಗ್ರಂಥಾಲಯದ ಪುಸ್ತಕವೊಂದು ಅವಳ ಕೈಯಲ್ಲಿತ್ತು. ಇವರು ಸದ್ದಿಲ್ಲದೆ ಮೂಲೆಯ ಸ್ಟೂಲಿನ ಮೇಲೆ ಕುಳಿತು ಬರಿಪಾದಗಳನ್ನು ನೆಲಕ್ಕೆ ಊರಿದರು. ಅರ್ಧ ಗಂಟೆ ಕಳೆಯಿತು. ಅಕ್ಕ ಒಮ್ಮೆಯೂ ಬೆರಳು ಉಜ್ಜಿಕೊಳ್ಳಲಿಲ್ಲ, ಒಮ್ಮೆಯೂ ತಲೆ ಎತ್ತಲಿಲ್ಲ. ಮೇಸ್ತ್ರಿ ಎದ್ದು ಹೊರಬಂದು, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು, ಜೇಬಿನಿಂದ ಕಾಲುಚೀಲ ತೆಗೆದು ಮಡಿಕೆ ಬಿಡಿಸಿದರು.

“ಅಕ್ಕನಿಗೆ ಹೇಳಿ ಹೋಗಲ್ವಾ?” ಎಂದೆ.

“ಬೇಡ ಬೇಡ. ಅವರು ಚಳೀನ ಮರೆತಿದಾರೆ. ನನ್ನ ಮುಖ ನೋಡಿದ್ರೆ ಮತ್ತೆ ನೆನಪಾಗುತ್ತೆ, ಅಲ್ವಾ ಮತ್ತೆ?”

ಲೋಕದಲ್ಲಿ ಕೆಲವರ ಕೆಲಸ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಹೊಗಳಿಕೆಯೂ ಸಲ್ಲುತ್ತದೆ. ಇನ್ನು ಕೆಲವರಿದ್ದಾರೆ: ಸೂರು ಸೋರದಂತೆ, ಬಾಗಿಲು ಕಿರುಗುಟ್ಟದಂತೆ, ನೆಲ ಬೆಚ್ಚಗಿರುವಂತೆ ಮಾಡುವವರು. ಅವರ ಕೆಲಸ ಕೆಟ್ಟಾಗಷ್ಟೇ ನಮಗೆ ಅವರ ನೆನಪು. ನಾವು ಅವರನ್ನು ಮರೆತ ದಿನವೇ ತಮ್ಮ ಕೆಲಸ ಪೂರ್ತಿಯಾಯಿತೆಂದು ತಿಳಿದು ಅವರು ಬಾಗಿಲೆಳೆದುಕೊಂಡು ಹೋಗುತ್ತಾರೆ. ಅಕ್ಕನಿಗೆ ಮೇಸ್ತ್ರಿ ಆ ದಿನ ಬಂದುಹೋದದ್ದು ಇವತ್ತಿಗೂ ಗೊತ್ತಿಲ್ಲ.