ಜಗಲಿಯ ಮೇಲಿನ ಪಥ್ಯ

ರಾವಂದೂರು ಹೋಬಳಿಯಲ್ಲಿ ನನ್ನ ಕಣ್ಣಿಗೆ ಸಮನಾದ ಕಣ್ಣು ಇನ್ನೂ ಹುಟ್ಟಿಲ್ಲ. ನಮ್ಮ ಮನೆಯ ಬಾಗಿಲಲ್ಲಿ ಬೀಡಿ ಹಚ್ಚಿಕೊಂಡು ಕೂತು, ಕೊಪ್ಪದ ಸಂತೆಯಲ್ಲಿ ನಿಂತ ಎತ್ತಿನ ಹಲ್ಲು ಎಣಿಸಿದವನು ಈ ಕುಳ್ಳಯ್ಯ. ಹಾಗಾಗಿ ಎದುರು ಮನೆಯ ಯಶೋದಮ್ಮ ತನ್ನ ಸೊಸೆಯನ್ನು ಕಾಯಲು ನನ್ನನ್ನೇ ಆರಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಸೊಸೆಯ ಹೆಸರು ಪ್ರಮೀಳಾ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಮುದ್ದೆ ತೊಳಸಿದರೆ ಕೋಲು ತಿರುಗುವ ರಭಸಕ್ಕೆ ನಮ್ಮ ಮನೆಯ ಹೆಂಚು ಅಲುಗುತ್ತಿತ್ತು. ಹೋದ ಯುಗಾದಿಯ ಹೊತ್ತಿಗೆ ಅದೇ ಕೈಯ ಗೆಣ್ಣುಗಳು ಊದಿಕೊಂಡವು. ಬೆಳಗ್ಗೆ ಎದ್ದರೆ ಬೆರಳು ಮಡಚಲಾಗದು; ಬಿಸಿಲೇರುವವರೆಗೆ ಲೋಟ ಹಿಡಿಯಲಾಗದು. ಮೈಸೂರಿನ ಆಸ್ಪತ್ರೆಗೆ ಹೋಗೋಣವೆಂದು ಗಂಡ ಲಿಂಗರಾಜುವನ್ನು ಕೇಳಿದಳು. ಯಶೋದಮ್ಮ ಅಡ್ಡ ಬಂದಳು.

"ವಾಯು ಕಣ್ಲಾ ಅದು. ಬಾಯಿ ಕಟ್ಟುದ್ರೆ ಓಯ್ತದೆ."

ಎಚ್.ಡಿ. ಕೋಟೆ ಕಡೆಯ ನಾಟಿವೈದ್ಯ ಜವರಯ್ಯನ ಹತ್ತಿರದಿಂದ ಬೇರಿನ ಪುಡಿ ಬಂತು. ಅದರ ಬೆನ್ನಿಗೆ ಪಥ್ಯ ಬಂತು. ಬದನೆ, ಟೊಮೆಟೊ, ಹುಣಸೆ, ಮೊಸರು, ಬಾಡು, ಅವರೆ ಯಾವುದೂ ಕೂಡದು. ಇಂಗ್ಲಿಷ್ ಮಾತ್ರೆಯನ್ನಂತೂ ಮುಟ್ಟಲೇಬಾರದು. ಇಷ್ಟಾಗಿಯೂ ಕೈ ಊದಿದರೆ, ಕದ್ದು ತಿಂದಿದ್ದಾಳೆ ಎಂದೇ ಅರ್ಥ.

ಆ ಕೊನೆಯ ಮಾತು ಯಶೋದಮ್ಮನ ತಲೆಯಲ್ಲಿ ಗೂಟ ಹೊಡೆದುಕೊಂಡು ಕೂತಿತು.

ಅವರೆಕಾಯಿ ಕಾಲ ಬಂತು. ಬೀದಿಗೆ ಬೀದಿಯೇ ಸೊಗಡಿನ ಘಮ. ನೆನೆಸಿದ ಕಾಳನ್ನು ಒಂದೊಂದಾಗಿ ಹಿಚುಕಿ ಸಿಪ್ಪೆ ಬಿಡಿಸುವ ಕೆಲಸ ಪ್ರಮೀಳಾಳದೇ. ತಿನ್ನಬಾರದು, ಹಿಚುಕಬಹುದು! ಅವರ ಮನೆ ಮುಂದಿನ ಸಿಪ್ಪೆಯ ಗುಡ್ಡೆ ಬೆಟ್ಟದಪುರದ ಬೆಟ್ಟಕ್ಕೇ ಸವಾಲು ಹಾಕುವಂತಿತ್ತು. ಮಾರನೆಯ ಬೆಳಗ್ಗೆ ಅವಳ ಕೈ ಬನ್ನಿನ ಹಾಗೆ ಊದಿರುತ್ತಿತ್ತು.

"ಬಾಯಿಗಾಕ್ಕೊಂಡೆ ತಾನೆ?"

"ಇಲ್ಲ ಕಣತ್ತೆ."

"ಮತ್ತೆ ಎಂಗೆ ಊದ್ತು? ನಿಮ್ಮಪ್ಪನ ಮನೆಯಿಂದ ಗಾಳಿ ಬಂದು ತುಂಬ್ಕತಾ?"

ನಲ್ಲಿಯ ಹತ್ತಿರವೂ ಅದೇ ಮಾತಾಯಿತು. ಲಿಂಗರಾಜುಗೂ ಅನುಮಾನ ಹೊಕ್ಕಿತು. ಒಂದು ದಿನ ಪ್ರಮೀಳಾ ತಟ್ಟೆ ಹಿಡಿದು ಬಂದು ಜಗಲಿಯ ಮೇಲೆ ಕೂತುಬಿಟ್ಟಳು.

"ಇನ್ಮೇಲೆ ಇಲ್ಲೇ ಉಣ್ತೀನಿ. ಬೀದಿಯೋರೆಲ್ಲ ನೋಡ್ಕಳಿ. ಸಂಕ್ರಾಂತಿ ಗಂಟ ಇಂಗೇ ಇದ್ದೂ ಕೈ ಊದುದ್ರೆ, ನನ್ನ ಮೈಸೂರ್ಗೆ ಕರ್ಕೊಂಡೋಗ್ಬೇಕು."

ಯಶೋದಮ್ಮ ಒಪ್ಪಿದಳು. ಅಡಿಗೆಮನೆಗೆ ಬೀಗ ಹಾಕಿ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸಾಕ್ಷಿಗೆ ನನ್ನನ್ನು ಇಟ್ಟಳು.

ನೋಡಿದೆನಪ್ಪ. ಎರಡು ಹೊತ್ತು ಉಪ್ಪು ಹಾಕಿದ ಗಂಜಿ, ಅಷ್ಟೇ. ಬೆರಳು ಕೂಡದ್ದಕ್ಕೆ ಅಂಗೈಯಲ್ಲಿ ಗೋರಿಕೊಂಡು, ತಲೆ ಬಗ್ಗಿಸಿ ಉಣ್ಣುತ್ತಿದ್ದಳು. ಹಾದು ಹೋಗುವವರೆಲ್ಲ ತಟ್ಟೆಯೊಳಕ್ಕೆ ಇಣುಕುವರು. ಅವಳು ಎಷ್ಟು ಸೊರಗಿದಳೆಂದರೆ ಅವಳ ನೆರಳೇ ಅವಳಿಗಿಂತ ದಪ್ಪ ಕಾಣುತ್ತಿತ್ತು. ಸಂಕ್ರಾಂತಿಯ ಬೆಳಗ್ಗೆ ಕೈಯ ಜೊತೆಗೆ ಮಂಡಿಯೂ ಊದಿತ್ತು.

ಜಗಲಿಯ ಮುಂದೆ ಜನ ಸೇರಿದರು. ಯಶೋದಮ್ಮ ನನ್ನ ಕಡೆ ತಿರುಗಿದಳು. "ಏಳಪ್ಪ ಕುಳ್ಳಯ್ಯ, ತಿಂದ್ಲಾ ಇಲ್ವಾ?"

ಅಷ್ಟು ಜನ ಕಿವಿ ನಿಮಿರಿಸಿ ನಿಂತಿರುವಾಗ ಬರೀ 'ಇಲ್ಲ' ಎಂದು ಕೂರುವುದು ನನ್ನಂಥವನ ಬಾಯಿಗೆ ಶೋಭೆಯೇ?

"ತಿನ್ನೋದಾ? ಗಂಜಿ ಹಬೆ ಕುಡ್ಕೊಂಡು ಬದುಕವ್ಳೆ! ಒಂದಗಳು ಗಂಟ್ಲಿಗೆ ಇಳ್ದಿದ್ರೆ ನನ್ನ ಮೀಸೆ ಬೋಳಿಸ್ಕತೀನಿ. ಅವರೆಕಾಳು ಕಚ್ಕೊಂಡು ಬಂದ ಕಾಗೇನೂ ಹುಣಸೂರ್ ಗಂಟ ಅಟ್ಟವ್ಳೆ!"

ಜನ ಹೋ ಎಂದು ನಕ್ಕರು. ಯಶೋದಮ್ಮ ನಗಲಿಲ್ಲ.

"ಹಬೆ ಕುಡ್ದು ಯಾರು ಬದುಕ್ತಾರೆ? ಮೊನ್ನೆ ನಾಗರಹೊಳೆ ಹುಲಿಗೆ ಬೀಡಿ ಹಚ್ಕೊಟ್ಟೆ ಅಂದೋನಲ್ವಾ ಇವ್ನು? ಈ ಕಳ್ಳಿ ಇವ್ನ ಬಾಯಲ್ಲೂ ಸುಳ್ಳು ಏಳಿಸವ್ಳೆ."

"ಬರೀ ಗಂಜಿ ಕಣಮ್ಮ, ನಿಜವಾಗ್ಲೂ" ಎಂದು ನಾನು ಕೂಗಿದೆ. ನಗುವಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಪ್ರಮೀಳಾ ನನ್ನನ್ನೇ ನೋಡುತ್ತಿದ್ದಳು. ನಾನು ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜವಿತ್ತು. ನಮ್ಮೂರಲ್ಲಿ ಅಷ್ಟು ನಿಜ ಹೇಳುವವರು ಬೇರೆ ಯಾರಿದ್ದಾರೆ? ಆದರೂ ಮೈಸೂರಿನ ಮಾತು ಬಿದ್ದುಹೋಗಿ, ಪಥ್ಯ ಮುಂದಿನ ಯುಗಾದಿಯವರೆಗೆ ಬೆಳೆಯಿತು.

ಯುಗಾದಿಯವರೆಗೂ ಪ್ರಮೀಳಾಳ ಮೈ ತಡೆಯಲಿಲ್ಲ. ಶಿವರಾತ್ರಿ ಕಳೆದ ಮೇಲೆ ಒಂದು ಬೆಳಗ್ಗೆ ಜಗಲಿಯಿಂದ ಏಳಲು ಹೋಗಿ ಅಲ್ಲೇ ಬಿದ್ದಳು. ಲಿಂಗರಾಜು ಎತ್ತಿಕೊಂಡ. ಹೆಂಡತಿ ಇಷ್ಟು ಹಗುರವೆಂದು ಅವನಿಗೆ ಆಗಲೇ ತಿಳಿದದ್ದು. ಅವ್ವನ ಕಡೆ ತಿರುಗಿಯೂ ನೋಡದೆ ಬಸ್ಸು ಹತ್ತಿಸಿದ. ಮೈಸೂರಿನ ಡಾಕ್ಟರುಗಳೆಲ್ಲ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾರಾದ್ದರಿಂದ ನಾನೂ ಜೊತೆಗೆ ಹೋದೆ.

ಅಲ್ಲಿದ್ದ ಡಾಕ್ಟರಮ್ಮ ಎದ್ದು ನಿಲ್ಲಲಿಲ್ಲ. ಪ್ರಮೀಳಾಳ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದರು.

"ಇದು ಸಂಧಿವಾತ. ಮೈಯೇ ತನ್ನ ಕೀಲನ್ನ ತಾನು ಹಾಳು ಮಾಡ್ಕೊಳ್ಳುತ್ತೆ. ಅವರೆಕಾಯಿ ತಿಂದು ಬರೋದಲ್ಲ ಇದು. ಇಷ್ಟು ದಿನ ಏನ್ ಮಾಡ್ತಿದ್ರಿ?"

"ಪಥ್ಯ" ಎಂದ ಲಿಂಗರಾಜು.

"ಉಪವಾಸ ಅನ್ನಿ. ಮೈಯಲ್ಲಿ ರಕ್ತಾನೇ ಇಲ್ಲ. ಸೊಪ್ಪು, ಕಾಳು, ಮೊಟ್ಟೆ, ಮೀನು ಎಲ್ಲಾ ಕೊಡಿ. ಹಿತವಾದ ಊಟ ಇದ್ರೆ ಒಳ್ಳೇದೇ, ಆದ್ರೆ ಮಾತ್ರೆ ಬಿಟ್ಟು ಬರೀ ಊಟದಿಂದ ಇದು ನಿಲ್ಲಲ್ಲ."

"ಬೆರಳು ನೆಟ್ಟಗಾಯ್ತವಾ?" ಎಂದು ಪ್ರಮೀಳಾ ಕೇಳಿದಳು.

"ಬಗ್ಗಿರೋವು ಬಗ್ಗಿದ ಹಾಗೇ ಇರುತ್ವೆ ತಾಯಿ. ಉಳಿದ ಕೀಲುಗಳನ್ನ ಉಳಿಸ್ಕೊಳ್ಳೋಣ."

ಬರುವಾಗ ಬಿಳಿಕೆರೆಯ ಹೋಟೆಲಿನಲ್ಲಿ ಲಿಂಗರಾಜು ಇಡ್ಲಿ ಹೇಳಿದ. ಸಾಂಬಾರಿನಲ್ಲಿ ಬದನೆಕಾಯಿ ತೇಲುತ್ತಿತ್ತು.

"ತಿನ್ನು, ಡಾಕ್ಟ್ರೇ ಏಳವ್ರಲ್ಲ" ಎಂದ. ತಟ್ಟೆಯನ್ನು ಅವಳ ಮುಂದಕ್ಕೆ ಸರಿಸಿದ.

ಅವಳು ಬದನೆಯ ಹೋಳನ್ನು ಸೊಟ್ಟ ಬೆರಳಿನಿಂದ ತಟ್ಟೆಯ ಅಂಚಿಗೆ ತಳ್ಳಿದಳು. ಆಮೇಲೆ ತಟ್ಟೆಯನ್ನು ನನ್ನ ಕಡೆಗೆ ಓರೆ ಮಾಡಿದಳು. ಪಕ್ಕದ ಮೇಜಿನವರು ತಿರುಗಿ ನೋಡಿದರು.

"ನೋಡ್ಕಳಿ ಮಾವ, ಬಾಯಿಗಾಕ್ಕೊಂಡಿಲ್ಲ. ಅತ್ತೆ ಕೇಳುದ್ರೆ ಇಷ್ಟೇ ಏಳಿ. ಜಾಸ್ತಿ ಏನೂ ಸೇರಿಸ್ಬ್ಯಾಡಿ."