ಅತ್ತೆ ಕೇಳಿದ ಪ್ರಶ್ನೆ

"ಓಡ್ತಾ ಇರೋವಾಗ್ಲೇ ಬಿಚ್ತೀಯಾ? ಆರಿಸಲ್ವಾ?" ಅತ್ತೆ ಕತ್ತು ಚಾಚಿ ಕೇಳಿದರು.

"ಆರಿಸಿದ್ರೆ ನಿಮ್ಮ ಕೆಲಸ ನಿಂತುಹೋಗುತ್ತಲ್ಲಾ ಅತ್ತೆ," ಎಂದಳು ಸರ್ವರಿನ ಮುಂದೆ ಮಂಡಿಯೂರಿದ್ದ ಸೊಸೆ.

ಅತ್ತೆ ಆಸ್ಪತ್ರೆಯ ರಕ್ತನಿಧಿಯ ಮುಖ್ಯಸ್ಥೆ. ಯಾವ ಚೀಲದ ರಕ್ತ ಯಾರಿಗೆ ಎಂಬ ಲೆಕ್ಕವೆಲ್ಲ ಈ ಪೆಟ್ಟಿಗೆಯೊಳಗೆ. ಅದರ ರಿಪೇರಿಗೆ ಕಂಪನಿಯವರು, ಊರಲ್ಲಿ ಬೇರೆ ಯಾರೂ ಇಲ್ಲವೆಂಬಂತೆ, ಅವರ ಸೊಸೆಯನ್ನೇ ಕಳಿಸಿದ್ದರು. ಮನೆಯಲ್ಲಿ ವಾರಕ್ಕೊಂದು ಲೋಟ ಒಡೆಯುವ ಕೈ ಇಲ್ಲೇನು ಮಾಡೀತೆಂಬ ಕುತೂಹಲ ತಡೆಯಲಾರದೆ ಅತ್ತೆ ಬೆಂಚಿನ ಮೇಲೆ ಬಂದು ಕೂತಿದ್ದರು.

ಸೊಸೆ ಮಣಿಕಟ್ಟಿಗೆ ಪಟ್ಟಿ ಸುತ್ತಿ, ಅದರ ತಂತಿಯನ್ನು ಕಬ್ಬಿಣದ ಚೌಕಟ್ಟಿಗೆ ಸಿಕ್ಕಿಸಿದಳು.

"ಇದ್ಯಾಕೆ, ನಿನ್ನನ್ನ ಕಟ್ಟಿಹಾಕೋಕಾ?"

"ನನ್ನ ಮೈಯಲ್ಲಿರೋ ಕರೆಂಟು ಇದಕ್ಕೆ ಹೊಡೀಬಾರ್ದು ಅಂತ."

"ನಿನ್ನ ಮೈಯಲ್ಲೂ ಕರೆಂಟಿದೆಯೇನೇ!"

ಪೆಟ್ಟಿಗೆಯೊಳಗಿನ ಎರಡು ಡಿಸ್ಕಿನಲ್ಲೂ ಒಂದೇ ಲೆಕ್ಕವಿರುತ್ತದೆ, ಒಂದು ಕೆಡುತ್ತಿದೆ, ಅದನ್ನಷ್ಟೇ ತೆಗೆಯಬೇಕು ಎಂದು ಸೊಸೆ ಬಿಡಿಸಿ ಹೇಳಿದಳು.

"ಅಪ್ಪಿತಪ್ಪಿ ಒಳ್ಳೇದನ್ನೇ ಎಳೆದ್ರೆ?"

"ಕೆಟ್ಟದ್ದರ ಮೇಲೇ ಭಾರ ಬೀಳುತ್ತೆ. ಅದೂ ಕೈಕೊಟ್ರೆ ಎಲ್ಲಾ ಹೋಯ್ತು."

ಆಪರೇಷನ್ ಥಿಯೇಟರಿನಲ್ಲಿ ಹೆರಿಗೆಗೆ ಬಂದ ಹೆಂಗಸೊಬ್ಬಳು ಮಲಗಿದ್ದಳು. ಅವಳಿಗೆಂದು ತೆಗೆದಿಟ್ಟ ರಕ್ತದ ಲೆಕ್ಕವೂ ಇದರಲ್ಲೇ ಇತ್ತು. ಸೊಸೆ ಆಗಲೇ ಮೊದಲ ಡಿಸ್ಕಿನ ಚಿಲಕಕ್ಕೆ ಬೆರಳು ಹಾಕಿದ್ದಳು. ನೋಡಿದರೆ ಎರಡರಲ್ಲೂ ಹಸಿರು ದೀಪವೇ.

"ಅದೇ ಕೆಟ್ಟಿದ್ದು ಅಂತ ಹೇಗೆ ಗೊತ್ತಾಗುತ್ತೆ?" ತಿಳಿದುಕೊಳ್ಳೋಣವೆಂದು ಅತ್ತೆ ಕೇಳಿದರು, ಅಷ್ಟೇ.

"ಸ್ಕ್ರೀನಲ್ಲಿ ಒಂದನೇ ನಂಬರು ಅಂತ ತೋರಿಸ್ತಲ್ಲಾ..." ಸೊಸೆಯ ಮಾತು ಅರ್ಧಕ್ಕೇ ನಿಂತಿತು. ಬೆರಳು ಹಿಂದಕ್ಕೆ ಬಂತು. ಪಕ್ಕದ ಕೀಬೋರ್ಡಿಗೆ ಕೈ ಚಾಚಿ ಏನೋ ಒತ್ತಿದಳು. ಕೆಟ್ಟ ಡಿಸ್ಕನ್ನು ಗುರುತಿಸುವ ನೀಲಿ ದೀಪ ಮಿಣಮಿಣ ಹೊತ್ತಿಕೊಂಡಿತು. ಹೊತ್ತಿದ್ದು ಪಕ್ಕದ ಡಿಸ್ಕಿನಲ್ಲಿ.

ಅವಳು ಅತ್ತೆಯತ್ತ ತಿರುಗಿದಳು. "ಇದು ಸೊನ್ನೆಯಿಂದ ಎಣಿಸುತ್ತೆ ಅತ್ತೆ, ಒಂದು ಅಂದ್ರೆ ಎರಡನೇದು. ನಂಗೆ ಗೊತ್ತಿತ್ತು. ನೀವು ನೋಡ್ತಿದೀರಿ ಅಂತ ಗಾಬರಿಲಿ..."

ಅತ್ತೆ ಎದ್ದು ಬಂದು, ಮಿನುಗುತ್ತಿದ್ದ ಡಿಸ್ಕಿನತ್ತ ಬೆರಳು ತೋರಿಸಿದರು. "ಇದು ತಾನೇ? ಹ್ಞೂಂ, ಎಳಿ."

ಹೊಸ ಡಿಸ್ಕು ಒಳಗೆ ಕೂತಿತು. ಸಂಜೆಯವರೆಗೂ ಒಳ್ಳೆಯ ಡಿಸ್ಕು ತನಗೆ ಗೊತ್ತಿದ್ದನ್ನೆಲ್ಲ ಹೊಸದಕ್ಕೆ ಹೇಳಿಕೊಡುತ್ತದಂತೆ. ಅತ್ತೆಗೆ ಅದು ಬಹಳ ಹಿಡಿಸಿತು.

ಅಷ್ಟರಲ್ಲಿ ಮಗನ ಫೋನು. "ಹೇಗಿತ್ತಮ್ಮಾ ನಿನ್ನ ಸೊಸೆ ಕೆಲಸ?"

ಸೊಸೆ ತಲೆ ತಗ್ಗಿಸಿಕೊಂಡು ಸಾಮಾನು ಜೋಡಿಸುತ್ತಿದ್ದಳು.

"ನಾವಿಬ್ರೂ ಸೇರಿ ಬದಲಾಯಿಸಿದ್ವಿ ಕಣೋ," ಎಂದು ಅತ್ತೆ ಫೋನಿಟ್ಟರು. ಬೆಂಚಿನ ಒಂದು ತುದಿಗೆ ಸರಿದು ಕೂತರು. ಸ್ವಲ್ಪ ಹೊತ್ತಿಗೆ ಸೊಸೆಯೂ ಬಂದು ಪಕ್ಕದಲ್ಲಿ ಕೂತಳು.