ಮುಂದೆ ಗುಂಡಿಯಿರುವ ನೈಟಿ

ಕೊನೆಯ ಹೊದಿಕೆಯನ್ನು ಹಿಂಡುತ್ತಿದ್ದಾಗ ಒಳಗಿನಿಂದ ಚೀಲದ ಜಿಪ್ ಎಳೆದ ಸದ್ದು ಕೇಳಿಸಿತು. ನಾನು ಹಿಂದಿನ ದಿನವೇ ತುಂಬಿ ಮುಚ್ಚಿಟ್ಟಿದ್ದ ಚೀಲ. ಹೊದಿಕೆಯನ್ನು ಬಕೆಟ್ಟಿಗೆ ಬಿಟ್ಟು ಒದ್ದೆ ಕೈಯಲ್ಲೇ ಬಂದು ನೋಡಿದೆ. ಮಗಳು ಚೀಲದ ಮುಂದೆ ಮಂಡಿಯೂರಿ ಕೂತಿದ್ದಳು. ನನ್ನ ಸಡಿಲ ಪ್ಯಾಂಟುಗಳು ನೆಲದ ಮೇಲೆ ಬಿದ್ದಿದ್ದವು. ಅವುಗಳ ಜಾಗಕ್ಕೆ ನನ್ನ ಹಳೆಯ ನೈಟಿಯೊಂದನ್ನು ತುರುಕುತ್ತಿದ್ದಳು. ಮುಂದೆ ಉದ್ದಕ್ಕೂ ಗುಂಡಿಯಿರುವ ನೈಟಿ.

"ಅದ್ಯಾಕೆ ಚಿನ್ನ? ಯೋಗ ಮಾಡೋಕೆ ಪ್ಯಾಂಟ್ ಬೇಕಲ್ವಾ?"

"ಇದೂ ಇರ್ಲಿ."

"ಚೀಲ ಭಾರ ಆಗುತ್ತೆ."

"ನಾನು ಹೊತ್ಕೋತೀನಿ," ಎಂದಳು, ನನ್ನ ಮುಖ ನೋಡದೆ.

ಮೂರು ವರ್ಷದ ಹಿಂದೆ ಹೊಟ್ಟೆಯೊಳಗಿನ ಗಡ್ಡೆ ತೆಗೆಸಲು ಆಸ್ಪತ್ರೆ ಸೇರಿದಾಗ, ಗಾಯ ನೋಡಲು ಸುಲಭವಾಗಲೆಂದು ಕೊಂಡದ್ದು ಆ ನೈಟಿ. ಮನೆಗೆ ಬಂದಮೇಲೂ ಗಾಯ ಮಾಗುವತನಕ ಅದನ್ನೇ ಹಾಕಿಕೊಂಡಿದ್ದೆ. ಆಗ ಮಗಳಿಗೆ ನಾಲ್ಕು ವರ್ಷ. ಮಗು ಹೆದರೀತೆಂದು ನಮ್ಮತ್ತೆ, "ಅಮ್ಮ ಟ್ರೈನಿಂಗ್‌ಗೆ ಹೋಗಿದ್ದಾಳೆ ಕಣೆ" ಎಂದು ಹೇಳಿ ಸಮಾಧಾನ ಮಾಡಿದ್ದರು. ನಾನು ಶಾಲೆಯಲ್ಲಿ ಪಾಠ ಹೇಳುವವಳು. ರಜೆಯಲ್ಲಿ ಆಗೀಗ ತರಬೇತಿಗೆ ಹೋಗುವುದು ಇದ್ದೇ ಇತ್ತು. ಮಗು ನಂಬಿತು ಅಂದುಕೊಂಡೆವು. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ಈಗ ನಿಜವಾಗಿಯೂ ತರಬೇತಿಗೆ ಹೊರಟಿದ್ದೆ. ನಮ್ಮ ಬೀದಿಯ ಹೆಂಗಸರಿಗೆ ಯೋಗ ಹೇಳಿಕೊಡುತ್ತಿದ್ದ ಟೀಚರ್ ಬೇರೆ ಊರಿಗೆ ಹೋಗುವವರಿದ್ದರು. ಆಪರೇಷನ್ ಆದಮೇಲೆ ನನ್ನ ಬೆನ್ನು ನೆಟ್ಟಗಾದದ್ದು ಅವರ ಕೈಯಲ್ಲೇ. "ತರಗತಿ ನೀವು ನಡೆಸಿ, ಆದ್ರೆ ಸರಿಯಾಗಿ ಕಲಿತು ಬನ್ನಿ," ಎಂದು ಅವರೇ ಈ ಒಂದು ತಿಂಗಳ ತರಬೇತಿಗೆ ನನ್ನ ಹೆಸರು ಕೊಟ್ಟಿದ್ದರು. ಅಲ್ಲೇ ಉಳಿಯಬೇಕು.

"ಈ ವಯಸ್ಸಲ್ಲಿ ತಲೆ ಕೆಳಗೆ ಮಾಡಿ ನಿಂತ್ರೆ ಇರೋ ಚೂರುಪಾರು ಬುದ್ಧೀನೂ ಉದುರಿಹೋಗುತ್ತೆ," ಎಂದು ಅತ್ತೆ ನಕ್ಕಿದ್ದರು. "ಉದುರಿದ್ರೆ ನೀವೇ ಗುಡಿಸಿ ಎತ್ತಿಡಿ ಅತ್ತೆ," ಎಂದು ನಾನೂ ನಕ್ಕಿದ್ದೆ. ಮಗಳು ಮಾತ್ರ ನಗಲಿಲ್ಲ.

ಅವಳಿಗೆ ಗಿಣಿ ಎಂದು ಹೆಸರಿಟ್ಟವರೂ ಅತ್ತೆಯೇ. ಕಣ್ಣು ಬಿಟ್ಟರೆ ಪ್ರಶ್ನೆ. ಇರುವೆಗೆ ಆಕಳಿಕೆ ಬರುತ್ತಾ? ನೆರಳು ಯಾಕೆ ಒದ್ದೆ ಆಗಲ್ಲ? ಅಂಥವಳು ನನ್ನ ತರಬೇತಿಯ ಸುದ್ದಿ ಕೇಳಿದಾಗಿನಿಂದ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಏನೋ ಬಾಯಿತನಕ ಬರುತ್ತಿತ್ತು, ತುಟಿ ಬಿಗಿದು ನುಂಗಿಬಿಡುತ್ತಿದ್ದಳು. ನನಗಾಗ ಇನ್ನೊಂದು ಹೊಳೆಯಿತು. ಲೋಕದಲ್ಲಿರುವುದನ್ನೆಲ್ಲ ಕೇಳುವ ಈ ಹುಡುಗಿ ನನ್ನ ಹೊಟ್ಟೆಯ ಮೇಲಿನ ಹೊಲಿಗೆಯ ಗೆರೆಯ ಬಗ್ಗೆ ಯಾವತ್ತೂ ಕೇಳಿರಲಿಲ್ಲ.

"ಆಗ ಆಸ್ಪತ್ರೆಗೆ ಹೋಗಿದ್ದೆ ಅಂತ ನಾನೇ ಹೇಳಿಬಿಡ್ಲಾ?" ಎಂದು ಇವರನ್ನು ಅಡುಗೆಮನೆಗೆ ಕರೆದು ಕೇಳಿದೆ.

"ಮರೆತಿದ್ರೆ? ಇಲ್ಲದ ಭಯಾನ ನಾವೇ ಹುಟ್ಟಿಸಿದ ಹಾಗಾಗಲ್ವಾ?" ಎಂದರು ಇವರು. ಅದೂ ಸರಿಯೆನಿಸಿತು. ಅವಳಾಗಿ ಕೇಳಲಿ, ಕೇಳಿದ ಕೂಡಲೇ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ ಎಂದುಕೊಂಡು, ಹೊದಿಕೆ ಒಣಹಾಕಿ ಹೊರಟೆ. ಆದರೆ ನನ್ನನ್ನು ಬಿಡಲು ಇವರ ಜೊತೆ ಬರುವ ಅವಳು ಕೇಳದೆಯೇ ವಾಪಸ್ಸು ಹೋದರೆ? ಇಡೀ ತಿಂಗಳು ಅದನ್ನು ಒಬ್ಬಳೇ ನುಂಗಿಕೊಂಡು ಕೂತರೆ?

ಬಸ್ಸಿನಲ್ಲಿ ಗಿಣಿ ನಮ್ಮಿಬ್ಬರ ನಡುವೆ ಕೂತು ಚೀಲವನ್ನು ತೊಡೆಯ ಮೇಲೆ ಅವುಚಿಕೊಂಡಿದ್ದಳು. "ಏನ್ ಪುಟ್ಟಮ್ಮಾ, ಒಳಗೆ ಬಂಗಾರ ಇಟ್ಟಿದ್ದೀಯಾ?" ಎಂದ ಕಂಡಕ್ಟರ್. ಅವಳು ಚೀಲವನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು. "ಕಿಟಕಿ ಹತ್ರ ಕೂರ್ತೀಯಾ?" ಅಂದೆ. ಬೇಡವೆಂದು ತಲೆಯಾಡಿಸಿದಳು.

ತರಬೇತಿಯ ಕಟ್ಟಡ ಊರಾಚೆ ಇತ್ತು. ಉದ್ದನೆಯ ಓಣಿಯಂಥ ಹಾದಿ, ಆಗತಾನೆ ಒರೆಸಿದ ನೆಲ, ಮೂಗಿಗೆ ಹೊಡೆಯುವ ಫಿನಾಯಿಲ್ ವಾಸನೆ. ಎರಡೂ ಬದಿ ನಂಬರ್ ಬರೆದ ಬಾಗಿಲುಗಳು. ಗಿಣಿ ನನ್ನ ಕಿರುಬೆರಳು ಹಿಡಿದಳು. ಮೇಜಿನ ಹಿಂದೆ ಬಿಳಿ ಬಟ್ಟೆಯ ಹೆಂಗಸೊಬ್ಬರು ಕೂತಿದ್ದರು.

"ಬನ್ನಿ, ಕೂತ್ಕೊಳಿ. ತೋಳು ಮೇಲೆ ಮಾಡಿ," ಎಂದು ರಕ್ತದೊತ್ತಡ ನೋಡುವ ಪಟ್ಟಿ ಸುತ್ತಿದರು. ಅದು ಬುಸ್ಸೆಂದು ಉಬ್ಬಿತು. "ಸ್ವಲ್ಪ ಜಾಸ್ತಿ ಇದೆಯಲ್ಲ! ಗಾಬರಿನಾ?"

"ಬಸ್ಸಲ್ಲಿ ಬಂದ್ನಲ್ಲ, ಅದಕ್ಕೆ."

"ಮುಂಚೆ ಆಪರೇಷನ್ ಏನಾದ್ರೂ ಆಗಿದ್ಯಾ?"

ಬೆರಳಿನ ಮೇಲಿನ ಹಿಡಿತ ಬಿಗಿಯಾಯಿತು. "ಆಗಿದೆ. ಈಗ ಎಲ್ಲಾ ಸರಿಹೋಗಿದೆ," ಎಂದು ಗಿಣಿಗೆ ಕೇಳುವಂತೆಯೇ ಹೇಳಿದೆ. ಅವಳು ಆ ಯಂತ್ರವನ್ನೇ ನೋಡುತ್ತಿದ್ದಳು.

"ತುರ್ತು ಬಂದ್ರೆ ಯಾರಿಗೆ ಫೋನ್ ಮಾಡ್ಬೇಕು?" ಎಂದು ಅವರು ಇವರ ಕಡೆ ತಿರುಗಿದರು. ಇವರು ನಂಬರ್ ಹೇಳಿದರು. ನನ್ನ ಫೋನು ಡ್ರಾಯರಿನೊಳಗೆ ಹೋಯಿತು, ಭಾನುವಾರ ಮಾತ್ರ ಕೊಡುತ್ತಾರಂತೆ. ಬದಲಿಗೆ ಒಂದು ಜೊತೆ ಬಿಳಿ ಬಟ್ಟೆ ಕೈಗೆ ಬಂತು. "ಮನೆಯವರು ಕೋಣೆ ನೋಡ್ಕೊಂಡು ಹೊರಡ್ಬಹುದು. ಆಮೇಲೆ ಯಾರೂ ಇರೋ ಹಾಗಿಲ್ಲ."

ಕೋಣೆಯಲ್ಲಿ ಎರಡು ಕಬ್ಬಿಣದ ಮಂಚ, ಬಿಳಿ ಹಾಸಿಗೆ, ತಲೆಯ ಬಳಿ ಪುಟ್ಟ ಕಪಾಟು. ಒಂದರ ಮೇಲೆ ಯಾರೋ ಹುಡುಗಿ ಗೋಡೆಗೆ ಮುಖ ಮಾಡಿ ನಿದ್ದೆಹೋಗಿದ್ದಳು, ಪ್ರಯಾಣದ ದಣಿವಿರಬೇಕು. ಗಿಣಿ ಅವಳನ್ನು ನೋಡಿದಳು, ನನ್ನ ಕೈಯಲ್ಲಿದ್ದ ಬಿಳಿ ಬಟ್ಟೆಯನ್ನು ನೋಡಿದಳು. ಆಗ ಅವಳ ಕಣ್ಣಿನಿಂದ ನಾನೂ ಆ ಕೋಣೆಯನ್ನು ನೋಡಿದೆ.

ಅವಳು ಚೀಲ ತೆರೆದು ನೈಟಿ ತೆಗೆದಳು. ಮಂಚದ ಮೇಲೆ ಹರಡಿ, ಮೇಲಿನಿಂದ ಒಂದೊಂದೇ ಗುಂಡಿ ಬಿಚ್ಚತೊಡಗಿದಳು, ನಾಲಿಗೆಯ ತುದಿ ಕಚ್ಚಿಕೊಂಡು.

"ಗಿಣಿ, ಬಾಮ್ಮ, ಬಸ್ ತಪ್ಪಿಹೋಗುತ್ತೆ," ಎಂದರು ಇವರು ಬಾಗಿಲಲ್ಲಿ ನಿಂತು.

"ಹೋಗ್ಲಿ ಬಿಡಿ, ಇನ್ನೊಂದು ಬಸ್ ಇದ್ದೇ ಇರುತ್ತೆ," ಎಂದೆ. ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಅವಳೇ ಕೇಳಲೆಂದು, ಬಾಯಿಗೆ ಬಂದ ಮಾತನ್ನು ಈ ಸಲ ನಾನು ತಡೆದುಕೊಂಡೆ.

ಕೊನೆಯ ಗುಂಡಿ ಬಿಚ್ಚಿದ ಮೇಲೆ ಅವಳ ಕೈಗೆ ಕೆಲಸ ಉಳಿಯಲಿಲ್ಲ. ನನ್ನ ಕಡೆ ತಿರುಗಿದಳು. ಅಂಗೈಯನ್ನು ಮೆತ್ತಗೆ ನನ್ನ ಹೊಟ್ಟೆಯ ಮೇಲೆ, ಬಟ್ಟೆಯ ಮೇಲಿಂದಲೇ, ಸರಿಯಾಗಿ ಆ ಗೆರೆಯಿರುವ ಜಾಗದಲ್ಲಿ ಇಟ್ಟಳು.

"ಅಮ್ಮಾ," ಎಂದಳು, "ಈ ಸಲ ಒಳಗಿಂದ ಏನು ತೆಗೀತಾರೆ?"